ಕಲ್ಲಂಗಡಿ ಬೆಳೆದವರ ಹೆಸರು

ನಾನು ನಿವೃತ್ತನಾದ ದಿನ ಕಚೇರಿಯಲ್ಲಿ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಒಂದು ಮೆಮೋ ಕೂಡ ಪಡೆಯದ ಮನುಷ್ಯ’ ಎಂದು ಹೊಗಳಿದರು. ಮಾತು ಸುಳ್ಳಲ್ಲ. ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂದು ಮೂವತ್ತಕ್ಕೂ ಹೆಚ್ಚು ವರ್ಷ ತೋಟಗಾರಿಕೆಯ ಕೆಲಸದಲ್ಲಿ ಸುತ್ತಿದವನ ಮೇಲೆ ಒಂದು ದೂರೂ ಸಾಬೀತಾಗಿಲ್ಲ. ಆದರೆ ಮೆಮೋ ಬಾರದೆ ಇರುವುದು ಬೇರೆ, ತಪ್ಪು ಮಾಡದೆ ಇರುವುದು ಬೇರೆ. ಈಗ ಕೆಲಸಕ್ಕೆ ಸೇರುತ್ತಿರುವ ನಿಮಗೆ ಇಷ್ಟಾದರೂ ಮೊದಲೇ ಗೊತ್ತಿರಲಿ. ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ಓದಿಕೊಳ್ಳಿ. ನಾನು ಬರೆಯುತ್ತಿರುವುದು ಅದರಲ್ಲಿ ಇಲ್ಲದ್ದನ್ನು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬ್ರಹ್ಮಾವರದ ಕಡೆ ಮಲ್ಲಿಗೆ ಗಿಡಗಳಿಗೆ ರೋಗ ಬಿದ್ದಿತ್ತು. ಮನೆಮನೆಗೆ ಹೋಗಿ, ಗಿಡ ಎಣಿಸಿ, ಪರಿಹಾರಕ್ಕೆ ಹೆಸರು ಬರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದರು. ಮೇ ತಿಂಗಳ ಸೆಕೆ. ನಾನು ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು, ಎರಡು ಚಾ ಕುಡಿದು, ಪಹಣಿಯಲ್ಲಿದ್ದ ಹೆಸರುಗಳನ್ನೆಲ್ಲ ಚಂದ ಅಕ್ಷರದಲ್ಲಿ ಇಳಿಸಿಕೊಂಡು ಹೋದೆ. ಆಗಿನ ನಮ್ಮ ಸಾಹೇಬರು ಕುಂದಾಪುರದ ಕಡೆಯವರು, ಮುಂಗೋಪಿ. ಪಟ್ಟಿ ನೋಡಿ, ‘ಈ ಸುಬ್ಬಣ್ಣನ ಗಿಡ ಎಷ್ಟೆತ್ರ ಇತ್ತ್?’ ಎಂದು ಕೇಳಿದರು. ಸೊಂಟದಷ್ಟು ಎಂದೆ. ‘ನಡಿ, ಕಾಂಬ’ ಎಂದು ಸ್ಕೂಟರ್ ಹತ್ತಿಸಿದರು.

ಆ ಮನೆಯ ಚಾವಡಿಯ ಗೋಡೆಯಲ್ಲಿ ಸುಬ್ಬಣ್ಣ ಹಾರ ಹಾಕಿಸಿಕೊಂಡು ನಗುತ್ತಿದ್ದರು. ತೀರಿಹೋಗಿ ಎಂಟು ವರ್ಷವಾಗಿತ್ತು. ಗಿಡ ನೋಡಿಕೊಳ್ಳುತ್ತಿದ್ದದ್ದು ಅವರ ಮಗಳು. ಸಾಹೇಬರು ಆ ಹೆಂಗಸಿನ ಎದುರೇ, ‘ಎಂತ ಮಾರಾಯ, ಸತ್ತವ್ರ್ ಬಂದ್ ಗಿಡಕ್ಕ್ ನೀರ್ ಹಾಕ್ತ್ರಾ?’ ಎಂದು ನನ್ನ ಮಾನ ತೆಗೆದರು. ಸಂಜೆಯವರೆಗೆ ಅಂಗಳ ಅಂಗಳ ಅಲೆಸಿ ಒಂದೊಂದು ಗಿಡವನ್ನೂ ಮುಟ್ಟಿ ಎಣಿಸುವಂತೆ ಮಾಡಿದರು. ನಮ್ಮ ಪಹಣಿಗಳಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು ಕೃಷಿ ಮಾಡುತ್ತಾರೆ ಎಂಬುದು ಆ ದಿನ ತಲೆಗೆ ಹೋಯಿತು. ಅವತ್ತು ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅಂಥವರು ಕೊನೆಯವರೆಗೂ ನನ್ನ ತಲೆಯ ಮೇಲೆ ಇರಬೇಕಿತ್ತು.

ಆಗ ಪರಿಹಾರದ ಪಟ್ಟಿ ಎನ್ನುವುದು ಕಪಾಟಿನ ಒಳಗಿನ ಸಾಮಾನು. ಯಾರಿಗೆ ಎಷ್ಟು ಹೋಯಿತೆಂದು ತಿಳಿಯಬೇಕಾದರೆ ಒಳಗೆ ಗುರ್ತಿನವರು ಇರಬೇಕು. ಬಸ್ರೂರಿನ ತರಕಾರಿ ಬೆಳೆಗಾರರೊಬ್ಬರು ಪಟ್ಟಿ ತೋರಿಸಿ ಎಂದು ಒಂದು ಇಡೀ ಮಳೆಗಾಲ ಕೊಡೆ ಹಿಡಿದುಕೊಂಡು ಅಲೆದದ್ದನ್ನು ಕಂಡಿದ್ದೇನೆ. ‘ನಾಳೆ ಬನ್ನಿ’ ಎಂದು ಅವರಿಗೆ ಹೇಳಿದವರಲ್ಲಿ ನಾನೂ ಒಬ್ಬ. ಆಮೇಲೆ ಕಾಲ ಬದಲಾಯಿತು. ಮಾಹಿತಿ ಹಕ್ಕು ಬಂತು, ಪಂಚಾಯತಿಯ ಬೋರ್ಡಿಗೆ ಪಟ್ಟಿ ಅಂಟಿಸಬೇಕು ಎಂದಾಯಿತು, ಗ್ರಾಮಸಭೆಯಲ್ಲಿ ಓದಬೇಕು ಎಂದಾಯಿತು, ಕೊನೆಗೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ನನಗೆ ನಿಜಕ್ಕೂ ಖುಷಿಯಾಗಿತ್ತು. ಪಟ್ಟಿ ಗೋಡೆಗೆ ಬಂದರೆ ಅರ್ಧ ಅನ್ಯಾಯ ತನ್ನಿಂದ ತಾನೇ ನಿಲ್ಲುತ್ತದೆ ಎಂದು ನಂಬಿದವ ನಾನು. ಪಟ್ಟಿಯೊಳಗೇ ಸುಳ್ಳಿದ್ದರೆ ಗೋಡೆ ಏನು ಮಾಡೀತು ಎಂದು ಯೋಚಿಸಿರಲಿಲ್ಲ.

ಕೊರೊನಾದ ಮೊದಲ ಬೇಸಿಗೆಗೆ ಬರುತ್ತೇನೆ. ನಾನಾಗ ಬೈಂದೂರಿನ ಕಡೆ ಇದ್ದೆ. ಅಲ್ಲಿನ ಬೈಲುಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಕಲ್ಲಂಗಡಿ ಹಾಕುತ್ತಾರೆ. ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಕೊಳ್ಳುವ ಹಣ್ಣು ಅದೇ. ಆದರೆ ಹಣ್ಣು ಬೆಳೆಯುವವರಲ್ಲಿ ಹೆಚ್ಚಿನವರಿಗೆ ಸ್ವಂತ ಗದ್ದೆ ಇಲ್ಲ. ಬೇಸಿಗೆಯ ಮೂರು ನಾಲ್ಕು ತಿಂಗಳಿಗೆ ಬೇರೆಯವರ ಗದ್ದೆಯನ್ನು ಬಾಯಿಮಾತಿನ ಮೇಲೆ ವಹಿಸಿಕೊಳ್ಳುತ್ತಾರೆ. ಕಾಗದ ಇಲ್ಲ, ಸಹಿ ಇಲ್ಲ. ಇದಕ್ಕೆ ಕಾರಣ ಗೊತ್ತಿಲ್ಲದೆ ನೀವು ಕರಾವಳಿಯಲ್ಲಿ ಒಂದು ದಿನವೂ ಕೆಲಸ ಮಾಡಲಾರಿರಿ. ಹಿಂದೆ ಭೂಸುಧಾರಣೆ ಬಂದಾಗ ಗೇಣಿದಾರರು ಡಿಕ್ಲರೇಶನ್ ಕೊಟ್ಟು ತಾವು ಉಳುತ್ತಿದ್ದ ಗದ್ದೆಗಳಿಗೆ ಒಡೆಯರಾದರು. ಗದ್ದೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಇವತ್ತಿಗೂ ಗೇಣಿ ಎಂಬ ಶಬ್ದ ಕಾಗದದ ಮೇಲೆ ಕಂಡರೆ ಎದೆ ಹಾರುತ್ತದೆ. ಗದ್ದೆ ಕೊಡುತ್ತಾರೆ, ಕೊಟ್ಟೆ ಎಂದು ಬರೆದುಕೊಡುವುದಿಲ್ಲ.

ಗಿರಿಜಕ್ಕ ಹಾಗೆ ಗದ್ದೆ ವಹಿಸಿಕೊಂಡವರು. ಶಿರೂರಿಗೆ ಹೋಗುವ ದಾರಿಯ ಒಂದು ಬೈಲಿನಲ್ಲಿ ಏಳು ಬೇಸಿಗೆ ಸತತ ಕಲ್ಲಂಗಡಿ ಬೆಳೆದಿದ್ದರು. ಐವತ್ತು ದಾಟಿದ ಹೆಂಗಸು, ಗಂಡ ಮೀನಿನ ಬೋಟಿನಲ್ಲಿ. ಬೀಜ ಊರುವುದರಿಂದ ಹಣ್ಣು ಗಾಡಿಗೆ ಏರಿಸುವವರೆಗೆ ಎಲ್ಲ ಅವರದ್ದೇ ಕೈ. ನಾನು ಹೋದಾಗಲೆಲ್ಲ ಒಂದು ಹಣ್ಣು ಒಡೆದು ಕೊಡುತ್ತಿದ್ದರು. ‘ಇಲಾಖಿಯವ್ರ್ ತಿಂದ್ರೆ ಲೆಕ್ಕಕ್ಕಿಲ್ಲ ಬಿಡಿ’ ಎಂದು ನಗುತ್ತಿದ್ದರು. ಗದ್ದೆಯ ಧನಿಯ ಹೆಸರು ಬರೆಯುವುದಿಲ್ಲ, ಊರವರು ಕರೆಯುವ ಹಾಗೆ ಒಡೆಯರು ಎಂದೇ ಹೇಳುತ್ತೇನೆ. ಅವರು ಕೆಟ್ಟವರೂ ಅಲ್ಲ. ಒಂದು ಕಾಲದಲ್ಲಿ ಅವರ ಅಪ್ಪಯ್ಯನ ಗದ್ದೆಗಳೆಲ್ಲ ಡಿಕ್ಲರೇಶನ್‌ನಲ್ಲಿ ಹೋಗಿ, ಉಳಿದದ್ದು ಈ ಒಂದು ತುಂಡು.

ಹಣ್ಣು ಬಲಿತ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್ ಬಂತು. ಉತ್ತರದಿಂದ ಬರುವ ಲಾರಿಗಳು ಗಡಿಯಲ್ಲೇ ನಿಂತವು. ಹೆದ್ದಾರಿ ಖಾಲಿ. ಗಿರಿಜಕ್ಕ ಒಂದಷ್ಟು ಹಣ್ಣನ್ನು ನೆರೆಕರೆಗೆ ಹಂಚಿದರು, ಉಳಿದದ್ದು ಗದ್ದೆಯಲ್ಲೇ ಬಿಸಿಲಿಗೆ ಬಿರಿಯಿತು. ಏಪ್ರಿಲ್ ಕೊನೆಗೆ ನಾನು ಹೋದಾಗ ದೂರಕ್ಕೇ ಹುಳಿ ವಾಸನೆ ಬರುತ್ತಿತ್ತು. ಮಾಸ್ಕಿನೊಳಗೂ ಬರುತ್ತಿತ್ತು. ಇಡೀ ಗದ್ದೆ ನೊಣ, ಇರುವೆ. ದನಗಳು ತಿಂದು ಸಾಕಾಗಿ ಬದುವಿನ ಮೇಲೆ ಮಲಗಿದ್ದವು. ಇಷ್ಟು ವರ್ಷದಲ್ಲಿ ನೆರೆ ನೋಡಿದ್ದೇನೆ, ರೋಗ ನೋಡಿದ್ದೇನೆ. ಚೆನ್ನಾಗಿ ಆದ ಬೆಳೆ ಬಳ್ಳಿಯಲ್ಲೇ ಕೊಳೆಯುವುದನ್ನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು.

ಸರ್ಕಾರ ಹೂವು, ಹಣ್ಣು, ತರಕಾರಿ ಬೆಳೆದವರಿಗೆ ಪರಿಹಾರ ಘೋಷಿಸಿತ್ತು. ಬೆಳೆ ಮತ್ತು ಬೆಳೆದವರು ಎರಡೂ ಕಾಣುವ ಹಾಗೆ ಸ್ಥಳದ ಗುರುತು ಬರುವ ಫೋಟೋ ತೆಗೆದು ಅರ್ಜಿಯ ಜೊತೆ ಏರಿಸಬೇಕು. ಕಚೇರಿಯಿಂದ ಮೊಬೈಲ್ ಕೊಟ್ಟಿರಲಿಲ್ಲ, ನನ್ನದರಲ್ಲೇ ತೆಗೆದೆ. ‘ಅಕ್ಕ, ಮಾಸ್ಕ್ ತೆಗೀನಿ, ಮುಖ ಕಾಣ್ಕ್. ಒಂದ್ ಹಣ್ಣ್ ಕೈಯಗೆ ಹಿಡ್ಕಣಿ’ ಎಂದೆ. ಒಡೆದ ಹಣ್ಣೊಂದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತರು. ನೀರು ಮೊಣಕೈಗೆ ಇಳಿಯುತ್ತಿತ್ತು. ‘ಈ ದುಡ್ಡ್ ಬಂದ್ರೆ ಸರ್, ಬಪ್ಪು ವರ್ಷಕ್ಕ್ ಬೀಜ, ಗೊಬ್ಬರ ಆತಿತ್ತ್. ಇಲ್ದಿರ್ ಈ ಗದ್ದಿ ಬಿಡುದೇ’ ಎಂದರು.

ಅರ್ಜಿ ತುಂಬುವಾಗ ತೊಡಕು ಎದ್ದಿತು. ಪಹಣಿಯಲ್ಲಿ ಇಲ್ಲದವರು ಬೆಳೆದಿದ್ದರೆ ಪಹಣಿದಾರರ ಒಪ್ಪಿಗೆ ಪತ್ರ ಬೇಕು. ನಾನು ಒಡೆಯರ ಮನೆಗೆ ಹೋದೆ. ಅವರು ಕೂರಿಸಿ ಚಾ ಕೊಟ್ಟರು. ವಿಷಯ ಕೇಳಿದ ಕೂಡಲೇ ಲೋಟ ಕೆಳಗಿಟ್ಟರು.

‘ಆಧಾರ್ ಕೊಡ್ತೆ, ಪಾಸ್‌ಬುಕ್ ಕೊಡ್ತೆ. ಒಪ್ಪಿಗಿ ಪತ್ರ ಮಾತ್ರ ಕೇಂಬುದ್ ಬ್ಯಾಡ ಮಾರಾಯ್ರೆ. ನಮ್ಮ್ ಅಪ್ಪಯ್ಯ ಕಾಗ್ದದಗೆ ಕಳ್ಕಂಡದ್ದೇ ಸಾಕ್. ನೀವ್ ನನ್ ಹೆಸ್ರಗೆ ಬರೀನಿ. ದುಡ್ಡ್ ಬಂದ್ ದಿನ ಗಿರಿಜನ ಕೈಯಗೆ ಕೊಡ್ತೆ. ಅವ್ಳ್ ನಮ್ ಮನಿ ಹೆಣ್ಣಿದ್ದಾಂಗೆ.’

ಕಚೇರಿಯಲ್ಲಿ ನಮ್ಮ ಮೇಡಂ ಮೊಬೈಲ್ ಹಿಡಿದುಕೊಂಡೇ ಊಟ ಮಾಡುತ್ತಿದ್ದರು. ಘಟ್ಟದ ಮೇಲಿನವರು, ನನಗಿಂತ ತುಂಬ ಚಿಕ್ಕವರು. ಮೇಲಿನಿಂದ ಗಂಟೆಗೊಮ್ಮೆ ವಾಟ್ಸ್‌ಆ್ಯಪ್ ಬರುತ್ತಿತ್ತು, ಎಷ್ಟಾಯಿತು, ಎಷ್ಟಾಯಿತು ಎಂದು. ‘ಪತ್ರ ಇಲ್ಲದ ಅರ್ಜಿ ಕಂಪ್ಯೂಟರ್ ತಗೊಳಲ್ಲ ಸರ್. ಸಾಯಂಕಾಲದೊಳಗೆ ಪಟ್ಟಿ ಹೋಗ್ಬೇಕು. ಏನಾದ್ರೂ ಅಡ್ಜಸ್ಟ್ ಮಾಡಿ’ ಎಂದರು.

ಅಡ್ಜಸ್ಟ್ ಮಾಡುವುದರಲ್ಲಿ ನಾನು ಎತ್ತಿದ ಕೈ. ಗಿರಿಜಕ್ಕನಿಗೆ ಫೋನ್ ಮಾಡಿ ಒಡೆಯರ ಮಾತು ಹೇಳಿದೆ.

‘ನನ್ ಹೆಸ್ರ್ ಬಪ್ಪುದೇ ಇಲ್ಯಾ ಸರ್?’

‘ಹೆಸ್ರ್ ಯಾರದ್ದಾರೆ ಎಂತ ಅಕ್ಕ, ದುಡ್ಡ್ ನಿಮ್ ಕೈಗೆ ಬಂದ್ರೆ ಆಯ್ತಲೆ’ ಎಂದೆ.

‘ನೀವ್ ಹೇಳ್ದಂಗೆ ಆಯ್ಲಿ’ ಎಂದರು. ನನ್ನ ಮಾತಿನ ಮೇಲೆ ನಂಬಿಕೆ ಇಟ್ಟು ಹೇಳಿದ್ದು ಅದು. ಅರ್ಜಿದಾರರ ಜಾಗದಲ್ಲಿ ಒಡೆಯರ ಹೆಸರು ಬರೆದೆ, ಅವರ ಖಾತೆ ಸಂಖ್ಯೆ ಹಾಕಿದೆ, ಫೋಟೋದ ಜಾಗಕ್ಕೆ ಗಿರಿಜಕ್ಕ ಹಣ್ಣು ಹಿಡಿದು ನಿಂತ ಫೋಟೋ ಏರಿಸಿದೆ. ಬೇರೆ ಫೋಟೋ ನನ್ನಲ್ಲಿ ಇರಲಿಲ್ಲ. ಆ ವಾರ ಹೀಗೆ ಮಾಡಿದ ಅರ್ಜಿ ಇದೊಂದೇ ಅಲ್ಲ. ಹೆಚ್ಚಿನ ಧನಿಗಳು ಮಾತಿನಂತೆ ನಡೆದುಕೊಂಡರು, ದುಡ್ಡು ಸದ್ದಿಲ್ಲದೆ ಬೆಳೆದವರ ಕೈ ಸೇರಿತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ಮಳೆಗಾಲ ಕಳೆದು ಗ್ರಾಮಸಭೆ ಕರೆದರು. ಪಂಚಾಯತಿ ಸಭಾಂಗಣದಲ್ಲಿ ದೂರ ದೂರ ಕುರ್ಚಿ ಹಾಕಿ, ಪರಿಹಾರ ಪಡೆದವರ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ್ದೆವು. ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನದು. ಹೆಸರು, ಬೆಳೆ, ಎಷ್ಟು ಜಾಗ, ಎಷ್ಟು ಹಣ. ಒಡೆಯರ ಹೆಸರು, ಕಲ್ಲಂಗಡಿ ಎಂದು ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಡೆಯರು ಗದ್ದೆಗೆ ಇಳಿಯುವುದಿಲ್ಲ ಎಂಬುದು ಊರಿಗೇ ಗೊತ್ತು. ಹಣ ಖಾತೆಗೆ ಬಂದು ತಿಂಗಳಾಗಿತ್ತು, ಗಿರಿಜಕ್ಕನ ಕೈಗೆ ಬಂದಿರಲಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಬ್ಯಾಂಕಿಗೆ ಬಂತೋ ಇಲ್ಲವೋ ಗೊತ್ತಿಲ್ಲ ಎಂದು ಒಡೆಯರು ಸಾಗಹಾಕುತ್ತಿದ್ದರಂತೆ. ಹಣ ಬಂದಾಗಿದೆ ಎಂದು ಗಿರಿಜಕ್ಕನಿಗೆ ಗೊತ್ತಾದದ್ದು ನಾನು ಪಟ್ಟಿ ಓದಿದಾಗಲೇ.

‘ಹ್ವಾಯ್ ಸರ್, ಒಂದ್ ನಿಮಿಷ’ ಎಂದು ಗಿರಿಜಕ್ಕ ಎದ್ದು ನಿಂತರು. ‘ಆ ಗದ್ದಿಯಗೆ ಹಣ್ಣ್ ಬೆಳ್ದದ್ ಯಾರ್?’

ಒಡೆಯರು ಎದುರಿನ ಸಾಲಿನಲ್ಲಿ ಕೂತಿದ್ದರು. ಮೇಡಂ ನನ್ನ ಪಕ್ಕದಲ್ಲಿದ್ದರು. ನಾನು ಬಾಯಿ ಬಿಟ್ಟು ನಿಜ ಹೇಳಿದ್ದರೆ, ಸುಳ್ಳು ಅರ್ಜಿ ತುಂಬಿದವ ನಾನೇ ಎಂದು ಅಲ್ಲೇ ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳುತ್ತಿದ್ದರು. ‘ದಾಖಲೆ ಪ್ರಕಾರ ಪಹಣಿದಾರರು’ ಎಂದೆ.

‘ದಾಖಲಿ ಕೇಂಡದ್ದಲ್ಲ ಸರ್. ನಿಮ್ಮನ್ ಕೇಂಡದ್.’

ನಾನು ಮುಂದಿನ ಹೆಸರು ಓದಿದೆ. ನನ್ನ ನೌಕರಿಯಲ್ಲಿ ಅಷ್ಟು ನಾಚಿಕೆಗೆಟ್ಟ ಕೆಲಸ ಇನ್ನೊಂದು ಮಾಡಿಲ್ಲ.

ಸಂಜೆ ಒಡೆಯರ ಮನೆಗೆ ಹೋಗಿ, ಕೈಮುಗಿದು, ಆ ಹಣ ಕೊಟ್ಟುಬಿಡಿ ಎಂದೆ. ಅವರ ಮುಖ ಕೆಂಪಾಗಿತ್ತು. ‘ಕೊಡುವ ಅಂದೇಳಿಯೇ ಇದ್ದಿದ್ದೆ. ಒಂಚೂರ್ ತಡ ಆಯ್ತ್. ಈಗ ಊರೆದ್ರಿಗೆ ಕೇಂಡ್ಳಲೆ. ಅಷ್ಟೆಲ್ಲ ಜನ ಕೇಂಡಿರ್. ಈಗ ಕೊಟ್ರೆ ಗೇಣಿ ಒಪ್ಕಂಡಾಂಗ್ ಆತಿಲ್ಯಾ? ನಾಳೆ ಅದನ್ನೇ ಹಿಡ್ಕಂಡ್ ಕೋರ್ಟಿಗ್ ಹೋದ್ರೆ?’ ಎಂದರು. ಕೊಡುವ ಮನಸ್ಸು ಮೊದಲು ನಿಜಕ್ಕೂ ಇತ್ತೋ ಇಲ್ಲವೋ ನಾನು ಹೇಳಲಾರೆ. ಸುಳ್ಳು ಪಟ್ಟಿಯನ್ನು ನಾಲ್ಕು ಜನರ ಎದುರು ಓದಿದ್ದರಿಂದ ಕೊಡದೆ ಇರುವುದಕ್ಕೆ ಅವರಿಗೊಂದು ಕಾರಣವಂತೂ ಸಿಕ್ಕಿತು. ಮುಂದಿನ ಬೇಸಿಗೆಗೆ ಗದ್ದೆಯನ್ನೂ ಕೊಡಲಿಲ್ಲ, ಬೇಲಿ ಹಾಕಿಸಿ ಖಾಲಿ ಬಿಟ್ಟರು. ಗಿರಿಜಕ್ಕ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದರು.

ಆದರೆ ಅವರು ಬಿಡಲಿಲ್ಲ. ಪಟ್ಟಿಯ ಮೇಲೆ ಆಕ್ಷೇಪಣೆ ಬರೆದುಕೊಟ್ಟರು. ಬೆಳೆದವರು ನೀವೇ ಎಂಬುದಕ್ಕೆ ಆಧಾರ ಹಾಜರುಪಡಿಸಿ ಎಂದು ಉತ್ತರ ಹೋಯಿತು. ಏನು ಆಧಾರ? ಬಾಯಿಮಾತಿನ ಗೇಣಿಗೆ ರಸೀದಿ ಇಲ್ಲ. ಒಡೆಯರ ಎದುರು ಸಾಕ್ಷಿ ಹೇಳಲು ನೆರೆಯವರು ಯಾರೂ ಬರಲಿಲ್ಲ, ಅವರೂ ಒಬ್ಬರಲ್ಲ ಒಬ್ಬರ ಗದ್ದೆ ವಹಿಸಿಕೊಂಡವರೇ. ಆಗ ಗಿರಿಜಕ್ಕನಿಗೆ ಫೋಟೋ ನೆನಪಾಗಿರಬೇಕು. ಬಸ್ ನಿಲ್ದಾಣದ ಹತ್ತಿರ ಅರ್ಜಿ ಬರೆಯುವವರಿಂದ ಬರೆಸಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಮಾಹಿತಿ ಹಕ್ಕಿನಲ್ಲಿ ಕೇಳಿದರು. ಕೇಳಿದ್ದು ಒಂದೇ: ಆ ಗದ್ದೆಯ ಪರಿಹಾರದ ಅರ್ಜಿಗೆ ಲಗತ್ತಿಸಿದ ಫೋಟೋದ ಪ್ರತಿ.

ಮೇಡಂ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಪರದೆಯ ಮೇಲೆ ಆ ಫೋಟೋ ತೆರೆದಿತ್ತು. ‘ಇದು ಹೊರಗೆ ಹೋದ್ರೆ ನೀವೂ ಹೋಗ್ತೀರಿ, ನಾನೂ ಹೋಗ್ತೀನಿ. ನಿಮ್ಮ ಪೆನ್ಷನ್ ನಿಲ್ಲುತ್ತೆ ಸರ್’ ಎಂದರು. ಹೆದರಿಸಲು ಹೇಳಿದ್ದಲ್ಲ, ಅವರೇ ಹೆದರಿದ್ದರು. ಅರ್ಜಿ ಒಡೆಯರ ಹೆಸರಿನಲ್ಲಿ ಇದ್ದುದರಿಂದ ಫೋಟೋ ಕೊಡಬಹುದೇ ಎಂದು ಅವರಿಗೆ ನೋಟಿಸ್ ಕಳಿಸಿದೆವು. ಕೊಡಬಾರದು ಎಂದು ಅವರು ಬರೆದುಕೊಟ್ಟರು. ಒಪ್ಪಿಗೆ ಪತ್ರ ಬರೆಯಲು ಹೆದರಿದವರು ಇದನ್ನು ಬರೆಯಲು ಹೆದರಲಿಲ್ಲ. ಉತ್ತರದ ಕರಡು ಮಾಡಿದವ ನಾನು. ಇಷ್ಟು ವರ್ಷ ಪಳಗಿದ ಕೈ, ಒಂದು ಅಕ್ಷರವನ್ನೂ ಹೊಡೆದುಹಾಕದೆ ಬರೆದೆ.

ಅಂಚೆಗೆ ಹಾಕುವ ಮೊದಲೇ ಗಿರಿಜಕ್ಕ ಕಚೇರಿಗೆ ಬಂದರು. ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು, ಬೆರಳ ತುದಿಗಳು ಗೇರಿನ ಸೊನೆಗೆ ಕಪ್ಪಾಗಿದ್ದವು. ಮೇಡಂ ಉಡುಪಿಯ ಸಭೆಗೆ ಹೋಗಿದ್ದರು. ಉತ್ತರವನ್ನು ನಾನೇ ಕೈಗೆ ಕೊಟ್ಟೆ.

‘ಕನ್ನಡಕ ತರ್ಲಿಲ್ಲೆ ಸರ್. ಒಂಚೂರ್ ಓದಿ ಹೇಳಿ.’

ಓದಿದೆ. ‘ಸದರಿ ಭಾವಚಿತ್ರವು ಮೂರನೇ ವ್ಯಕ್ತಿಗೆ ಸಂಬಂಧಿಸಿದ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಹಾಗೂ ಸದರಿಯವರು ಒಪ್ಪಿಗೆ ನೀಡದೇ ಇರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ.’

‘ಮೂರ್ನೇ ವ್ಯಕ್ತಿ ಅಂದ್ರೆ ಯಾರ್?’

‘ಒಡೇರ್’ ಎಂದೆ.

‘ಒಡೇರ್ ಆ ದಿನ ಗದ್ದಿಗ್ ಬರ್ಲೇ ಇಲ್ಲ ಅಲ್ದಾ? ಫೋಟೋದಗೆ ಇಪ್ಪುದ್ ನಾನೊಬ್ಳೇ.’ ದನಿ ಏರಿಸದೆ ಕೇಳಿದರು. ‘ನನ್ ಮೋರೆ ನಾ ಕಾಂಬುಕೆ ಒಡೇರ್ ಒಪ್ಪಿಗಿ ಬೇಕಾ ಸರ್?’

ಆ ಫೋಟೋ ತೆಗೆದ ಮೊಬೈಲ್ ನನ್ನ ಅಂಗಿಯ ಕಿಸೆಯಲ್ಲಿತ್ತು. ಫೋಟೋ ಅದರಲ್ಲಿ ಹಾಗೇ ಇತ್ತು. ಆವತ್ತಿನ ದಿನಾಂಕ, ಜಾಗದ ಗುರುತು, ಹಣ್ಣು ಹಿಡಿದ ಅವರ ಎರಡು ಕೈ, ಎಲ್ಲವೂ ಸ್ಪಷ್ಟ. ಕೋಣೆಯಲ್ಲಿ ನಾವಿಬ್ಬರೇ. ತೆಗೆದು ಅವರ ಮೊಬೈಲಿಗೆ ಕಳಿಸಲು ಎರಡು ನಿಮಿಷ ಸಾಕಿತ್ತು. ನನ್ನ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

‘ಮೇಲ್ಮನವಿ ಹಾಕೂಕೆ ಮೂವತ್ತ್ ದಿನ ಅವಕಾಶ ಇತ್ತ್ ಅಕ್ಕ’ ಎಂದೆ. ಅದು ಪತ್ರದ ಕೊನೆಯ ಸಾಲು.

ಅವರು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಉತ್ತರ ತಲುಪಿದೆ ಎಂಬುದಕ್ಕೆ ಸಹಿ ಬೇಕೆಂದು ನಾನು ಇನ್ನೊಂದು ಪ್ರತಿಯನ್ನು ಮುಂದಿಟ್ಟೆ. ಎಲ್ಲಿ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರವಾಗಿ ಪೂರ್ತಿ ಹೆಸರು ಬರೆದರು.

‘ಬತ್ತೆ ಸರ್’ ಎಂದರು.

‘ಆಯ್ತ್ ಅಕ್ಕ’ ಎಂದು ನಾನು ಆ ಪ್ರತಿಯನ್ನು ಒಡೆಯರ ಕಡತಕ್ಕೆ ಸೇರಿಸಿದೆ.